ಸೂರಿನ ಕೆಳಗೆ ಒಂದು ಪಾಯಿಂಟಿನ ಓಟ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಬೆಳಿಗ್ಗೆ ಎದ್ದು ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಎಳೆದು, ವಿಸಿಲ್ ಊದಿ, ಮಕ್ಕಳನ್ನು ಓಡಿಸುತ್ತಿದ್ದೆ. ಹೋಬಳಿ ಕ್ರೀಡಾಕೂಟದಲ್ಲಿ ನಮ್ಮ ಕಡೆ ಪಾಯಿಂಟ್ ಲೆಕ್ಕ ಹೇಗಿತ್ತು ಅಂತ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೊದಲಿಗೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ನಾಲ್ಕನೆಯವನಿಗೆ ಏನೂ ಇಲ್ಲ. ಒಂದು ವರ್ಷ ನಮ್ಮ ಹುಡುಗನೊಬ್ಬ ಮೂರು ಓಟದಲ್ಲಿ ನಾಲ್ಕನೆಯವನಾಗಿ ಬಂದ. ಸಂಜೆ ನನ್ನ ಕೈಯಲ್ಲಿದ್ದ ಹಾಳೆ ಬಗ್ಗಿ ನೋಡಿ, "ಸಾರ್, ನನ್ನ ಹೆಸರೇ ಇಲ್ವಲ್ಲ" ಅಂದ. ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಆ ಹುಡುಗನ ಮಾತು ನೆನಪಿಟ್ಟುಕೊಂಡೇ ಇವತ್ತು ನಿಮಗೆ ದೂರದ ಒಂದು ಪಂದ್ಯದ ಬಗ್ಗೆ ಹೇಳುತ್ತೇನೆ. ಯುರೋಪಿನ ಉತ್ತರದ ತುದಿಯಲ್ಲಿ ಸ್ವೀಡನ್, ಫಿನ್ಲೆಂಡ್, ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್ ಅಂತ ಐದು ದೇಶಗಳಿವೆ. ಐದೂ ದೇಶದ ಜನ ಸೇರಿದರೂ ಮೂರು ಕೋಟಿ ದಾಟುವುದಿಲ್ಲ. ಅಂದರೆ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ. ಇವರು ಫೆಬ್ರವರಿಯಲ್ಲಿ ಸೂರಿನ ಕೆಳಗೆ ಸೇರಿ ಓಡುತ್ತಾರೆ, ಜಿಗಿಯುತ್ತಾರೆ. ಇದೇ ನಾರ್ಡಿಕ್ ಒಳಾಂಗಣ ಅಥ್ಲೆಟಿಕ್ಸ್ ಪಂದ್ಯ. 2019ರಲ್ಲಿ ನಾರ್ವೆಯ ಬೇರುಮ್‌ನಲ್ಲಿ, 2020ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ, 2023ರಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ನಡೆಯಿತು. ಊರು ಬದಲಾಗುತ್ತದೆ, ನೆರೆಹೊರೆ ಅದೇ.

ಸೂರು ಯಾಕೆ ಬೇಕು? ಫೆಬ್ರವರಿಯ ಶುರುವಿನಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಎಂಟು ಗಂಟೆ ಚಿಲ್ಲರೆ, ಅಷ್ಟೇ. ಮೈದಾನದ ಮೇಲೆ ಹಿಮ ಕೂತಿರುತ್ತದೆ. ನಮಗೆ ಮಲೆನಾಡಿನ ಜುಲೈ ಹೇಗೋ ಅವರಿಗೆ ಆ ತಿಂಗಳುಗಳು ಹಾಗೆ. ಆದರೆ ಓಡುವವರ ಕಾಲು ಮೂರು ನಾಲ್ಕು ತಿಂಗಳು ಸುಮ್ನೆ ಕೂರುತ್ತದೆಯೇ? ಅದಕ್ಕೇ ಅವರು ಟ್ರ್ಯಾಕನ್ನೇ ಮನೆಯೊಳಗೆ ತಂದುಕೊಂಡರು.

ಈ ಒಳಗಿನ ಟ್ರ್ಯಾಕ್ ಹೇಗಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗೆ ಒಂದು ಸುತ್ತು 400 ಮೀಟರ್, ಒಳಗೆ 200. ತಿರುವು ಅಷ್ಟು ಗಿಡ್ಡವಾದ್ದರಿಂದ ಜೋರಾಗಿ ಓಡಿದರೆ ಮೈ ಹೊರಗೆ ಎಳೆಯುತ್ತದೆ. ಹಾಗಾಗಿ ತಿರುವಿನಲ್ಲಿ ಟ್ರ್ಯಾಕನ್ನು ವಾಲಿಸಿರುತ್ತಾರೆ. ಹೊರಗಿನ ಅಂಚು ಎತ್ತರ, ಒಳಗಿನ ಅಂಚು ತಗ್ಗು. ಜಾತ್ರೆಯಲ್ಲಿ ಮರದ ಬಾವಿಯೊಳಗೆ ಬೈಕ್ ಓಡಿಸುತ್ತಾರಲ್ಲ, ಅದೇ ಲೆಕ್ಕ. ಇಳಿಜಾರು ಮಾತ್ರ ಅಷ್ಟು ಕಡಿದಲ್ಲ. 400 ಮೀಟರ್ ಅಂದರೆ ಎರಡು ಸುತ್ತು. ಮೊದಲ ಸುತ್ತು ಅವರವರ ಲೇನಿನಲ್ಲೇ ಓಡಬೇಕು. ಅದು ಮುಗಿದ ಕೂಡಲೇ ಎಲ್ಲರೂ ಒಳಗಿನ ಲೇನಿಗೆ ನುಗ್ಗುತ್ತಾರೆ. ಆ ನೂಕುನುಗ್ಗಲಿನಲ್ಲಿ ಯಾರು ಮುಂದೆ ಬರುತ್ತಾರೋ ಅವರನ್ನು ಆಮೇಲೆ ದಾಟುವುದು ತುಂಬಾ ಕಷ್ಟ. ನಾರ್ವೆಯ ಕಾರ್ಸ್ಟೆನ್ ವಾರ್‌ಹೋಮ್ 2019ರಲ್ಲಿ ಗ್ಲಾಸ್ಗೊದ ಯುರೋಪಿಯನ್ ಒಳಾಂಗಣ ಕೂಟದಲ್ಲಿ ಈ ಎರಡು ಸುತ್ತನ್ನು 45.05 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ.

ಒಳಗೆ 100 ಮೀಟರ್ ಇಲ್ಲ, 60 ಮೀಟರ್. ಹರ್ಡಲ್ಸ್‌ನಲ್ಲಿ ಹತ್ತು ತಡೆ ಅಲ್ಲ, ಐದೇ. ಈ ಓಟ ಸುತ್ತುವ ಟ್ರ್ಯಾಕಿನ ಮೇಲಲ್ಲ, ಅದರ ನಟ್ಟನಡುವಿನ ಜಾಗದಲ್ಲಿ ನೇರವಾಗಿ ನಡೆಯುತ್ತದೆ. ಗೆರೆ ದಾಟಿದ ಮೇಲೆ ನಿಲ್ಲಲು ಜಾಗ ಕಡಿಮೆ, ಅದಕ್ಕೆ ಎದುರು ದಪ್ಪ ಮೆತ್ತೆ ಇಟ್ಟಿರುತ್ತಾರೆ. ಗೆದ್ದವರೂ ಸೋತವರೂ ಸೀದಾ ಹೋಗಿ ಆ ಮೆತ್ತೆಗೆ ಅಪ್ಪಳಿಸುತ್ತಾರೆ! ಜಾವೆಲಿನ್, ಡಿಸ್ಕಸ್, ಹ್ಯಾಮರ್ ಇಲ್ಲವೇ ಇಲ್ಲ, ಸೂರು ಉಳಿಯಬೇಕಲ್ವಾ. ಮೈಸೂರಿನಲ್ಲಿ ಹುಟ್ಟಿ, 2014ರ ಕಾಮನ್‌ವೆಲ್ತ್ ಕೂಟದಲ್ಲಿ ಡಿಸ್ಕಸ್ ಚಿನ್ನ ಗೆದ್ದ ನಮ್ಮ ವಿಕಾಸ್ ಗೌಡರ ಕಲೆಗೆ ಇಲ್ಲಿ ಜಾಗವಿಲ್ಲ. ಎಸೆತದಲ್ಲಿ ಗುಂಡು ಎಸೆತ ಒಂದೇ.

ಆದರೆ ಶಬ್ದ ನೋಡಿ, ರೇಡಿಯೋ ಕೇಳುವ ನಿಮಗೆ ಅದನ್ನು ಹೇಳಲೇಬೇಕು. ಬಯಲಿನಲ್ಲಿ ಚಪ್ಪಾಳೆ ಗಾಳಿಗೆ ಹೋಗುತ್ತದೆ. ಒಳಗೆ ಹೊಡೆದ ಚಪ್ಪಾಳೆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪೋಲ್ ವಾಲ್ಟ್, ಅಂದರೆ ಉದ್ದ ಕೋಲು ಊರಿ ಎತ್ತರ ಹಾರುವ ಆಟ, ಮಾಡುವವರು ಕೋಲು ಎತ್ತಿ ನಿಂತು ತಲೆಯ ಮೇಲೆ ಎರಡು ಸಲ ಚಪ್ಪಾಳೆ ತಟ್ಟಿದರೆ ಸಾಕು, ಇಡೀ ಸಭಾಂಗಣ ಅದೇ ತಾಳ ಹಿಡಿಯುತ್ತದೆ. ಗಾಳಿಯ ಕಾಟವಿಲ್ಲದ ಕಡೆ ಹಾರುವವರು ಹೇಳಿದ ಹಾಗೆ ಕೋಲು ಜಾಸ್ತಿ ಕೇಳುತ್ತದೆ. ಫಿನ್ಲೆಂಡಿನ ವಿಲ್ಮಾ ಮುರ್ಟೊ ಹದಿನೇಳನೇ ವಯಸ್ಸಿನಲ್ಲಿ, 2016ರ ಜನವರಿಯಲ್ಲಿ, ಸೂರಿನ ಕೆಳಗೇ 4.71 ಮೀಟರ್ ಹಾರಿದಳು. ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 2025ರ ಫೆಬ್ರವರಿಯಲ್ಲಿ 6.27 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದೂ ಫ್ರಾನ್ಸಿನ ಒಂದು ಒಳಾಂಗಣದಲ್ಲೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಐದು ದೇಶ ಅಂದೆನಲ್ಲ, ಈ ಪಂದ್ಯದಲ್ಲಿ ತಂಡ ನಾಲ್ಕೇ. ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್ ಸೇರಿ ಒಂದು ತಂಡ. ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ಪ್ರತಿ ಸ್ಪರ್ಧೆಗೂ ಆಳು ಎಲ್ಲಿಂದ ತರಬೇಕು? ಎರಡು ದೇಶದ ನಡುವೆ ದೊಡ್ಡ ಸಮುದ್ರವೇ ಇದೆ. 1944ರಲ್ಲಿ ಗಣರಾಜ್ಯವಾಗುವವರೆಗೂ ಐಸ್‌ಲ್ಯಾಂಡಿಗೆ ಡೆನ್ಮಾರ್ಕಿನ ರಾಜನೇ ರಾಜ. ಇವತ್ತು ಇಬ್ಬರ ಮಕ್ಕಳೂ ಒಂದೇ ಲೆಕ್ಕದ ಹಾಳೆಗೆ ಪಾಯಿಂಟ್ ತರುತ್ತಾರೆ. ನೆರೆಯವರು ಅಂದರೆ ಹೀಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಪಾಯಿಂಟಿನ ರುಚಿ ಅವರಿಗೆ ಇಂದು ನಿನ್ನೆಯದಲ್ಲ. ಸ್ವೀಡನ್ ಮತ್ತು ಫಿನ್ಲೆಂಡ್ 1925ರಲ್ಲೇ ಬಯಲಿನಲ್ಲಿ ಒಂದು ಪಂದ್ಯ ಶುರು ಮಾಡಿದವು. ಸ್ವೀಡನ್ನಿನವರು ಅದನ್ನು "ಫಿನ್ಲೆಂಡ್ ಕಾಳಗ" ಅನ್ನುತ್ತಾರೆ, ಫಿನ್ಲೆಂಡಿನವರು "ಸ್ವೀಡನ್ ಪಂದ್ಯ" ಅನ್ನುತ್ತಾರೆ. ಇಬ್ಬರೂ ಎದುರಾಳಿಯ ಹೆಸರಿನಲ್ಲೇ ಕರೆಯುತ್ತಾರೆ ನೋಡಿ! ಅಲ್ಲಿ ಪ್ರತಿ ಸ್ಪರ್ಧೆಗೆ ಒಂದೊಂದು ದೇಶದಿಂದ ಮೂವರು. ಪಾಯಿಂಟ್ 7, 5, 4, 3, 2, 1. ಮನಸ್ಸಿನಲ್ಲೇ ಲೆಕ್ಕ ಹಾಕಿ. ಒಂದು ದೇಶದವನು ಗೆದ್ದು 7 ತಂದ. ಅವನ ಜೊತೆಯವರಿಬ್ಬರು ಐದನೆಯವರು, ಆರನೆಯವರು. ಒಟ್ಟು 10. ಇನ್ನೊಂದು ದೇಶದವರು ಎರಡು, ಮೂರು, ನಾಲ್ಕು. ಒಟ್ಟು 12! ಓಟ ಗೆದ್ದ ದೇಶ ಆ ಸ್ಪರ್ಧೆಯನ್ನೇ ಸೋತಿತು. ಒಳಾಂಗಣ ಪಂದ್ಯದಲ್ಲೂ ಮನೋಭಾವ ಅದೇ, ಬಂದ ಸ್ಥಾನಕ್ಕೆ ತಕ್ಕ ಪಾಯಿಂಟ್ ದೇಶದ ಖಾತೆಗೆ ಸೇರುತ್ತದೆ. ಇದು ಗೊತ್ತಾದ ದಿನ ನಾನು ಹೋಬಳಿ ಕೂಟದ ಆ ಹಾಳೆಯನ್ನು ನೆನೆದು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮ ದೇಶಕ್ಕೂ ಈಗ ಸೂರು ಬಂದಿದೆ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ 200 ಮೀಟರಿನ ಒಳಾಂಗಣ ಟ್ರ್ಯಾಕ್ ಇದೆ. ನಮ್ಮ ನೆರೆಯ ಆಂಧ್ರದ ಹುಡುಗಿ ಜ್ಯೋತಿ ಯರ್ರಾಜಿ 2023ರಲ್ಲಿ ಏಷ್ಯಾ ಒಳಾಂಗಣ ಕೂಟದ 60 ಮೀಟರ್ ಹರ್ಡಲ್ಸ್‌ನಲ್ಲಿ ಬೆಳ್ಳಿ, 2024ರಲ್ಲಿ ಟೆಹರಾನ್‌ನಲ್ಲಿ 8.12 ಸೆಕೆಂಡಿಗೆ ಚಿನ್ನ ಗೆದ್ದಳು. ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ನಾವು, ಒಂದು ಭಾನುವಾರ ಅಲ್ಲಿ ಸೇರಿ ಪಾಯಿಂಟ್ ಪಂದ್ಯ ಆಡಿದರೆ ಎಷ್ಟು ಚೆನ್ನ! ಭೂತಾನ್, ಮಾಲ್ಡೀವ್ಸ್ ಸೇರಿ ಒಂದು ತಂಡ ಕಟ್ಟಲಿ.

ಅಲ್ಲಿಯವರೆಗೆ ನೀವು ಆ ಉತ್ತರದ ಪಂದ್ಯವನ್ನೇ ಮೊಬೈಲಿನಲ್ಲಿ ನೋಡಿ. 3000 ಮೀಟರ್ ಬಂದಾಗ, ಅದು ಹದಿನೈದು ಸುತ್ತು, ಕೊನೆಯ ಸುತ್ತಿನ ಗಂಟೆ ಬಾರಿಸುತ್ತಾರೆ. ಕ್ಯಾಮೆರಾ ಮುಂದಿರುವವನ ಹಿಂದೆ ಹೋಗುತ್ತದೆ. ನೀವು ಹಿಂದಿನ ಇಬ್ಬರನ್ನು ನೋಡಿ. ಹಲ್ಲು ಕಚ್ಚಿ, ಭುಜಕ್ಕೆ ಭುಜ ತಾಗಿಸಿ, ಒಂದೇ ಒಂದು ಪಾಯಿಂಟಿಗೆ ಆ ವಾಲಿದ ತಿರುವಿನಲ್ಲಿ ಬರುತ್ತಿರುತ್ತಾರೆ.

ನಮಸ್ಕಾರ.