ರಕ್ತ ಹಾಕಿಸುವ ದಿನ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವ ನಮ್ಮ ವಿದ್ಯಾರ್ಥಿಗಳನ್ನು ಫೀಲ್ಡ್ ವರ್ಕ್‌ಗೆ ಥಲಸ್ಸೀಮಿಯಾ ಮಕ್ಕಳ ಕೇಂದ್ರವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ದಾನಿಗಳ ನೆರವಿನಿಂದ ನಡೆಯುವ ಕೇಂದ್ರ ಅದು. ಅಲ್ಲಿ ಅವರು ಕಲಿತದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಥಲಸ್ಸೀಮಿಯಾ ತಂದೆ ತಾಯಿಯಿಂದ ಬರುವ ರಕ್ತದ ಕಾಯಿಲೆ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್ ಮೈಯಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಕಾಯಿಲೆ ಜೋರಾಗಿದ್ದರೆ 2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಊರಲ್ಲಿ ಜನ ಪ್ರೀತಿಯಿಂದಲೇ ಹೇಳುತ್ತಾರೆ, 'ರಕ್ತ ಕಡಿಮೆ ಇದೆಯಾ? ಕಬ್ಬಿಣದ ಟಾನಿಕ್ ಕುಡಿಸಿ' ಅಂತ. ನಮ್ಮ ಹುಡುಗರೂ ಹಾಗೇ ಅಂದುಕೊಂಡಿದ್ದರು. ಆದರೆ ಒಂದು ಯೂನಿಟ್, ಅಂದರೆ ಒಂದು ಚೀಲ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಮೈ ಸೇರುತ್ತದೆ. ದೇಹ ದಿನಕ್ಕೆ ಹೊರಹಾಕುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯದಲ್ಲಿ, ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಇಳಿಸಲು ದಿನಾ ಮಾತ್ರೆ ಬೇಕು. ಇಂಥ ಮಗುವಿಗೆ ಡಾಕ್ಟರನ್ನು ಕೇಳದೆ ಕಬ್ಬಿಣದ ಟಾನಿಕ್ ಕೊಡಲೇಬಾರದು.

ಜಗಳೂರು ಕಡೆಯ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ನಮ್ಮ ವಿದ್ಯಾರ್ಥಿನಿ ಫಾರಂ ಹಿಡಿದು, 'ತಿಂಗಳ ಆದಾಯ ಎಷ್ಟಮ್ಮ?' ಎಂದು ಕೇಳಿದಳು. 'ಇವನಿಗೆ ರಕ್ತ ಹಾಕಿಸೋ ದಿನ ಕೂಲಿ ಇಲ್ಲ. ಅದನ್ನ ಕಳೆದು ಹೇಳಲಾ?' ಎಂದರು ಆಕೆ. ಅವರ ಚೀಲದಲ್ಲಿ ಶಾಲೆಯ ನೋಟ್‌ಬುಕ್ ಇತ್ತು. ಎಡಗಡೆ ತಾರೀಖು, ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಎಷ್ಟಿತ್ತು ಅಂತ. ಬಲಗಡೆ ಬಸ್ ಚಾರ್ಜು, ಯಾರ ಹತ್ತಿರ ಸಾಲ ತಂದದ್ದು ಅಂತ. ಅಷ್ಟರಲ್ಲಿ ಹುಡುಗ ತಾನೇ ಅಂಗಿಯ ತೋಳು ಮಡಚಿ ನರ್ಸ್‌ಗೆ, 'ಈ ಕೈ ಬೇಡ, ಹೋದ ಸಲ ಇಲ್ಲೇ ಚುಚ್ಚಿದ್ರಿ' ಎಂದ.

ವಿದ್ಯಾರ್ಥಿನಿ ಫಾರಂ ಪಕ್ಕಕ್ಕಿಟ್ಟು ಅವರ ಹತ್ತಿರ ಕುಳಿತಳು. ನನಗೆ ತುಂಬ ಸಮಾಧಾನವಾಯಿತು. ಆ ನೋಟ್‌ಬುಕ್ಕಿನ ಬಲಗಡೆ ಇದ್ದದ್ದಕ್ಕೆ ನಮ್ಮ ಫಾರಂನಲ್ಲಿ ಜಾಗವೇ ಇರಲಿಲ್ಲ. ಚಿಕಿತ್ಸೆ ಇದೆ, ಡಾಕ್ಟರ್ ಇದ್ದಾರೆ. ಮಗುವಿಗೆ ಚಿಕಿತ್ಸೆ ತಪ್ಪಿಹೋಗುವುದು ಊರಿಗೂ ಆಸ್ಪತ್ರೆಯ ಹಾಸಿಗೆಗೂ ನಡುವಿನ ದಾರಿಯಲ್ಲಿ. ಕೂಲಿ ತಪ್ಪುತ್ತದೆ, ಶಾಲೆ ತಪ್ಪುತ್ತದೆ, ಬಸ್ಸಿಗೆ ದುಡ್ಡಿರುವುದಿಲ್ಲ. ನಮ್ಮ ಕೆಲಸ ಇರುವುದು ಅಲ್ಲೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿದೆ. ಈ ಮಕ್ಕಳಿಗೆ ವಿಕಲಚೇತನರ ಪ್ರಮಾಣಪತ್ರ ಕೇಳುವ ಹಕ್ಕಿದೆ. ಆ ತಾಯಿಗೆ ಇದು ಗೊತ್ತೇ ಇರಲಿಲ್ಲ. ಅರ್ಜಿ ತುಂಬಿಸಿ, ಕಚೇರಿಗೆ ಜೊತೆಯಲ್ಲಿ ಹೋಗುವ ಜವಾಬ್ದಾರಿಯನ್ನು ನಮ್ಮ ಹುಡುಗರು ವಹಿಸಿಕೊಂಡಿದ್ದಾರೆ.

ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತದೆ. ಮಗುವಿಗೆ ಹೀಗಾದರೆ ಮನೆಯಲ್ಲಿ ಬೈಗುಳ ತಿನ್ನುವವಳು ತಾಯಿ. ಅದು ಅನ್ಯಾಯ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆಯ ದೋಷವನ್ನು ಮಗುವಿಗೆ ದಾಟಿಸಬಲ್ಲವರಾಗಿದ್ದರೆ ಮಾತ್ರ ಈ ತೀವ್ರ ಕಾಯಿಲೆ ಬರುತ್ತದೆ. ಆಗ ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ಶೇಕಡಾ 25. ವಾಹಕರು ನೋಡಲು ಆರೋಗ್ಯವಾಗೇ ಇರುತ್ತಾರೆ. ನಮ್ಮ ಕಡೆ ಅಕ್ಕನ ಮಗಳನ್ನು, ಅತ್ತೆ ಮಗಳನ್ನು ಮದುವೆಯಾಗುವುದು ಇನ್ನೂ ಇದೆ ಅಲ್ವಾ? ಒಂದೇ ಕುಟುಂಬವಾದರೆ ಇಬ್ಬರೂ ವಾಹಕರಾಗಿರುವ ಸಂಭವ ಜಾಸ್ತಿ. ಮದುವೆಗೆ ಮುಂಚೆ ಎಚ್‌ಬಿ ಎ2 ಎಂಬ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಜಾತಕ ನೋಡುವ ಮನೆಗಳಲ್ಲಿ ಇದನ್ನೂ ಕೇಳಿ ಎಂದು ಕೈಮುಗಿದು ಹೇಳುತ್ತೇನೆ.

ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ರಕ್ತದಾನ ಶಿಬಿರಗಳೂ ಕಡಿಮೆ. ಈ ಮಕ್ಕಳಿಗೆ ರಜೆ ಇಲ್ಲ. ಹಾಗಾಗಿ ನಮ್ಮ ವಿದ್ಯಾರ್ಥಿಗಳು ಏಪ್ರಿಲ್, ಮೇ ತಿಂಗಳಿಗೆಂದೇ ದಾನಿಗಳ ಪಟ್ಟಿ ಮಾಡುತ್ತಿದ್ದಾರೆ. 18 ವರ್ಷ ದಾಟಿದ, ಆರೋಗ್ಯವಾಗಿರುವ ನೀವೂ ನಿಮ್ಮ ಹತ್ತಿರದ ರಕ್ತನಿಧಿಯಲ್ಲಿ ಹೆಸರು ಬರೆಸಿ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು.

ನಮಸ್ಕಾರ.