ಇನ್ನೊಂದು ರೇಡಿಯೇಟರ್ ಬೇಕೇ? ಮೊದಲು ಕರೆಂಟ್ ಹೋಗುವ ರಾತ್ರಿಯನ್ನು ನೆನೆಯಿರಿ

ಈ ಸಲದ ಮಾತು ರೇಡಿಯೇಟರ್ ಬಗ್ಗೆ. ಕಾರಿನದಲ್ಲ, ಮನೆಯದು: ಬಾಯ್ಲರಿನಲ್ಲಿ ಕಾದ ನೀರು ಪಂಪಿನ ಬಲದಿಂದ ಒಳಗೆ ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕ. ಕೊಡಗಿಗೂ ಸೆಂಟ್ರಲ್ ಹೀಟಿಂಗೇ ಎಂದು ಬಯಲುಸೀಮೆಯವರು ನಗಬಹುದು. ನಗಲಿ. ಜುಲೈನಲ್ಲಿ ಭಾಗಮಂಡಲಕ್ಕೆ ಬಂದು ಒಂದೇ ಒಂದು ಜೀನ್ಸ್ ಪ್ಯಾಂಟ್ ಒಣಗಿಸಿ ತೋರಿಸಲಿ, ಆಮೇಲೆ ಮಾತನಾಡೋಣ. ಇಲ್ಲಿ ಚಳಿಗಿಂತ ಥಂಡಿಯ ಕಾಟವೇ ದೊಡ್ಡದು. ಮಳೆಯ ಕಕ್ಕಡ ತಿಂಗಳಲ್ಲಿ ಬೀರು ತೆರೆದರೆ ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು. ಹಾಗಾಗಿ ಸೌದೆ ಬಾಯ್ಲರ್, ಪಂಪು, ಕೊಳವೆ ಎಂದು ಖರ್ಚು ಮಾಡಿದವರನ್ನು ನಾನು ಶೋಕಿಯವರು ಎನ್ನುವುದಿಲ್ಲ.

ನನ್ನ ತಕರಾರು ಇರುವುದು ಅದರ ನಂತರದ ಆತುರದ ಬಗ್ಗೆ. ಒಂದು ಕೋಣೆ ಬೆಚ್ಚಗಾಗಲಿಲ್ಲ ಎಂದರೆ ಸಾಕು, ‘ಇನ್ನೊಂದು ರೇಡಿಯೇಟರ್ ಸೇರಿಸಿ’ ಎಂದು ಪ್ಲಂಬರಿಗೆ ಫೋನ್. ಇರುವುದನ್ನು ಮೊದಲು ಮುಟ್ಟಿ ನೋಡಿ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಮೇಲಿನ ಮೂಲೆಯ ಪುಟ್ಟ ತಿರುಪನ್ನು ಸಡಿಲಿಸಿ, ಸುಯ್ಯೆಂದು ಗಾಳಿ ಹೋಗಿ ನೀರು ಜಿನುಗಿದೊಡನೆ ಬಿಗಿ ಮಾಡಿ. ಬಾಯ್ಲರ್ ಪಕ್ಕದ ರೇಡಿಯೇಟರ್ ಸುಡುತ್ತಿದ್ದು ಕೊನೆಯದು ಉಗುರುಬೆಚ್ಚಗಿದ್ದರೆ, ಪಕ್ಕದ್ದರ ರಿಟರ್ನ್ ವಾಲ್ವನ್ನು, ಅಂದರೆ ನೀರು ಬಾಯ್ಲರಿಗೆ ಮರಳುವ ಬದಿಯದನ್ನು, ತುಸು ಮುಚ್ಚಿ. ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ, ಅದಕ್ಕೆ ಕೊನೆಯ ಕೋಣೆಯವರ ಮೇಲೆ ದ್ವೇಷವೇನಿಲ್ಲ.

ಆಮೇಲೂ ಬೇಕೆನಿಸಿದರೆ ಹಾಕಿಸಿ. ಆದರೆ ಎಲ್ಲಿ, ಹೇಗೆ ಎಂಬುದನ್ನು ಇಂಗ್ಲೆಂಡಿನ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಅಲ್ಲಿ ಬಹುತೇಕ ಗ್ಯಾಸ್ ಬಾಯ್ಲರುಗಳು; ಕರೆಂಟ್ ಹೋದರೆ ಉರಿಯೂ ಆರುತ್ತದೆ. ನಮ್ಮದು ಸಿಲ್ವರ್ ಓಕ್ ಕೊಂಬೆ, ಕಿತ್ತ ಕಾಫಿ ಗಿಡದ ಬೊಡ್ಡೆ. ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದು ಪಂಪು ನಿಂತರೆ ಬೆಂಕಿಗೇನು ಗೊತ್ತು? ಬೊಡ್ಡೆ ಉರಿಯುತ್ತಲೇ ಇರುತ್ತದೆ, ಬಿಸಿಯನ್ನು ಹೊತ್ತೊಯ್ಯುವವರಿಲ್ಲದೆ ಬಾಯ್ಲರಿನ ನೀರು ಕುದಿಯುತ್ತದೆ.

ಆದ್ದರಿಂದ ನಿಮ್ಮ ಮನೆಗೆ ಹೊಸದಾಗಿ ಬರುವ ರೇಡಿಯೇಟರ್ ಇಂಥ ಕರೆಂಟಿಲ್ಲದ ರಾತ್ರಿಗೆಂದೇ ಬರಲಿ. ಅದು ಬಾಯ್ಲರಿಗಿಂತ ಎತ್ತರದಲ್ಲಿ, ಮಹಡಿಯ ಮೇಲಿರಬೇಕು. ಕೊಳವೆ ಪಂಪಿನ ದಾರಿಗೆ ಸೇರದೆ ಬಾಯ್ಲರಿನಿಂದಲೇ ಹೊರಟು, ಎಲ್ಲೂ ತಗ್ಗದೆ ಏರುತ್ತಾ ಹೋಗಬೇಕು. ಕಾದ ನೀರು ಹಗುರ, ತಾನಾಗಿ ಮೇಲೇರುತ್ತದೆ. ತಣಿದದ್ದು ಭಾರವಾಗಿ ಕೆಳಗಿಳಿಯುತ್ತದೆ. ಕರೆಂಟಿನ ಹಂಗಿಲ್ಲ. ಪ್ಲಂಬರ್ 15 ಮಿಲಿಮೀಟರ್ ಕೊಳವೆ ಸಾಕು ಎನ್ನುತ್ತಾನೆ. ಅದು ಪಂಪು ನೂಕುವ ನೀರಿಗೆ ಸಾಕು, ತಾನಾಗಿ ಹರಿಯುವ ನೀರಿಗೆ 28 ಮಿಲಿಮೀಟರಿನದೇ ಬೇಕು. ಚೆಂದಕ್ಕೊಂದು ವಾಲ್ವ್ ಇರಲಿ ಎಂದೂ ಅನ್ನುತ್ತಾನೆ. ಬೇಡವೇ ಬೇಡ. ವಾಲ್ವ್ ಇದ್ದರೆ ಯಾವತ್ತೋ ಯಾರೋ ಮುಚ್ಚಿಯೇ ಮುಚ್ಚುತ್ತಾರೆ. ಜೊತೆಗೆ, ಉಕ್ಕುವ ನೀರಿಗೂ ಹಬೆಗೂ ದಾರಿಯಾಗಿ ಮೇಲಿನ ತೆರೆದ ತೊಟ್ಟಿಗೆ ಒಂದು ಕೊಳವೆ ಹೋಗಿರಬೇಕು. ಬಚ್ಚಲ ಹಂಡೆಯ ಬಾಯಿಯನ್ನು ಬೆಸುಗೆ ಹಾಕಿ ಮುಚ್ಚಿ ಕೆಳಗೆ ಬೆಂಕಿ ಹಾಕುವವರು ಯಾರಾದರೂ ಇದ್ದಾರೆಯೇ?

ಒಲೆ ಉರಿಯುವಷ್ಟು ಹೊತ್ತೂ ಈ ರೇಡಿಯೇಟರ್ ಬಿಸಿಯಾಗಿಯೇ ಇರುತ್ತದೆ, ಆರಿಸಲು ಬರುವುದಿಲ್ಲ. ಮಲಗುವ ಕೋಣೆಗೆ ಅದು ಕಿರಿಕಿರಿ, ಬಟ್ಟೆ ಒಣಗಿಸುವ ಕೋಣೆಗೆ ವರ. ಅಲ್ಲೇ ಹಾಕಿಸಿ, ಕಿಟಕಿ ಬೆರಳಗಲ ತೆರೆದಿರಲಿ. ಇಲ್ಲವಾದರೆ ಬಟ್ಟೆಯ ನೀರು ಗೋಡೆಗೆ ಬಂದು ಕೂರುತ್ತದೆ.

ವ್ಯವಸ್ಥೆಯ ನೀರೆಲ್ಲ ಬಸಿಯಬೇಕಾದ ಕೆಲಸ ಇದು, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಮುಗಿದ ದಿನ ಪ್ಲಂಬರ್ ಎದುರಿಗೇ ಸಣ್ಣದಾಗಿ ಬೆಂಕಿ ಹಾಕಿ, ಪಂಪಿನ ಸ್ವಿಚ್ ಆರಿಸಿ, ಮಹಡಿ ಹತ್ತಿ ರೇಡಿಯೇಟರ್ ಮುಟ್ಟಿ ನೋಡಿ. ತಣ್ಣಗಿದ್ದರೆ ಬಾಕಿ ಹಣ ನಿಮ್ಮ ಜೇಬಿನಲ್ಲೇ ಇರಲಿ.