ಪೆನ್ನಿಗೊಂದು ಕತೆ, ಗಿನಿಗೊಂದು ಲೈಬ್ರರಿ

ಕೇಳುಗರಿಗೆ ನಮಸ್ಕಾರ. ಹಿಂದಿನ ಕಾಲದಲ್ಲಿ ಬ್ರಿಟನ್ನಿನ ಸಾಮಾನ್ಯ ಜನ ನಿಜಕ್ಕೂ ಏನು ಓದುತ್ತಿದ್ದರು ಅನ್ನುವುದು ಇವತ್ತಿನ ಮಾತು.

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ 1798 ಮರೆಯುವ ಇಸವಿಯಲ್ಲ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಎಂಬ ಕವಿಗಳು ಸೇರಿ 'ಲಿರಿಕಲ್ ಬ್ಯಾಲಡ್ಸ್' ಎಂಬ ಕವನ ಸಂಕಲನ ಹೊರತಂದ ವರ್ಷ ಅದು. ನಮ್ಮ ಮೇಷ್ಟ್ರು ಅದನ್ನು ಎಷ್ಟು ಚೆನ್ನಾಗಿ ಪಾಠ ಮಾಡಿದ್ದರೆಂದರೆ, ಮಾರನೇ ದಿನದಿಂದಲೇ ಇಡೀ ಇಂಗ್ಲೆಂಡು ಆ ಪುಸ್ತಕ ಹಿಡಿದು ಕೂತಿತ್ತು ಅಂತ ನಾನು ಬಹಳ ಕಾಲ ನಂಬಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮೊದಲ ಸಲ ಅಚ್ಚಾದದ್ದು ಸುಮಾರು 500 ಪ್ರತಿ, ಅಷ್ಟೆ.

ಅದಕ್ಕಿಂತ ಮೂರು ವರ್ಷ ಮೊದಲು, 1795ರಲ್ಲಿ, ಹ್ಯಾನಾ ಮೋರ್ ಎಂಬಾಕೆ ಬಡವರಿಗಾಗಿ ಅಗ್ಗದ ನೀತಿಕತೆಗಳನ್ನು ಹೊರತರಲು ಶುರು ಮಾಡಿದ್ದರು. ಒಂದೇ ವರ್ಷದಲ್ಲಿ 20 ಲಕ್ಷ ಪ್ರತಿ ಹೋದವಂತೆ! ಹಾಗಂತ ಬಡವರು ಮುಗಿಬಿದ್ದು ಕೊಂಡರು ಅಂದುಕೊಳ್ಳಬೇಡಿ. ಕಂತೆಗಟ್ಟಲೆ ಕೊಂಡವರಲ್ಲಿ ಬಹಳಷ್ಟು ಮಂದಿ ಉಳ್ಳವರು. ಕೊಂಡು, ಕೂಲಿಯವರಿಗೂ ಆಳುಕಾಳುಗಳಿಗೂ ಪುಕ್ಕಟೆ ಹಂಚಿದರು. ಪುಕ್ಕಟೆ ಬಂದ ಉಪದೇಶವನ್ನು ಎಷ್ಟು ಜನ ಓದಿದರೋ, ಎಷ್ಟು ಜನ ಒಲೆಗೆ ಹಾಕಿದರೋ!

ಬಡವರು ತಮ್ಮ ಕಾಸು ಕೊಟ್ಟು ಕೊಂಡದ್ದು ಬೇರೆಯೇ. ಬೆನ್ನಿಗೆ ಗಂಟು ಹೊತ್ತು ಊರೂರು ತಿರುಗುವ ವ್ಯಾಪಾರಿಗಳಿದ್ದರು. ಸೂಜಿ, ದಾರ, ರಿಬ್ಬನ್ನುಗಳ ಜೊತೆಗೆ ಆ ಗಂಟಿನಲ್ಲಿ ಸಣ್ಣ ಸಣ್ಣ ಪುಸ್ತಕಗಳೂ ಇರುತ್ತಿದ್ದವು. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ, ಮಡಿಸಿದರೆ 24 ಪುಟ. ಬೆಲೆ ಒಂದು ಪೆನ್ನಿ. ಇವಕ್ಕೆ ಚಾಪ್‌ಬುಕ್ ಎನ್ನುತ್ತಾರೆ. ರಾಕ್ಷಸರನ್ನು ಕೊಂದ ಜ್ಯಾಕ್, ಹೆಬ್ಬೆರಳುದ್ದದ ಟಾಮ್, ರಾಬಿನ್ ಹುಡ್, ವಾರ್ವಿಕ್‌ನ ವೀರ ಗೈ, ಇಂಥವರ ಕತೆಗಳು. ಜೊತೆಗೆ ಪೋಲಿ ಜೋಕುಗಳು, ಕನಸಿನ ಫಲ, ಕಣಿ ಹೇಳುವ ಪುಸ್ತಕಗಳು. ಚಿತ್ರಗಳೋ, ಮರದ ಅಚ್ಚಿನವು. ಒಂದು ಅಚ್ಚು ಕೆತ್ತಿಸಿದರೆ ಅದು ಸವೆಯುವ ತನಕ ಬಿಡುತ್ತಿರಲಿಲ್ಲ. ಈ ಕತೆಯಲ್ಲಿ ರಾಜನಾಗಿದ್ದ ಗಡ್ಡದವನು ಇನ್ನೊಂದರಲ್ಲಿ ಕಳ್ಳನಾಗಿ ಬಂದರೂ ಯಾರೂ ತಕರಾರು ಮಾಡುತ್ತಿರಲಿಲ್ಲ.

ಇದಕ್ಕಿಂತ ಜಾಸ್ತಿ ಖರ್ಚಾಗುತ್ತಿದ್ದದ್ದು ಪಂಚಾಂಗ. ಹೌದು, ಅವರಿಗೂ ಪಂಚಾಂಗವಿತ್ತು. ಹುಣ್ಣಿಮೆ ಯಾವತ್ತು, ಜಾತ್ರೆ ಎಲ್ಲಿ, ಮಳೆ ಯಾವಾಗ, ರಾಜನಿಗೆ ಏನು ಕಾದಿದೆ, ಎಲ್ಲವೂ ಅದರಲ್ಲಿ. 1660ರ ದಶಕದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಪಂಚಾಂಗಗಳು ಮಾರಾಟವಾಗುತ್ತಿದ್ದವು.

ಇವೆಲ್ಲ ಬರೀ ಹಳ್ಳಿಗರ ಓದು ಅನ್ನುವ ಹಾಗೂ ಇಲ್ಲ. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯಲ್ ಪೀಪ್ಸ್ ನೌಕಾಪಡೆಯ ದೊಡ್ಡ ಅಧಿಕಾರಿ. ಆತ ಈ ಪೆನ್ನಿ ಪುಸ್ತಕಗಳನ್ನು ಆಯ್ದು ತಂದು, ಬೈಂಡು ಹಾಕಿಸಿ ಇಟ್ಟುಕೊಂಡಿದ್ದ. ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿ ಅವು ಈಗಲೂ ಇವೆ. ಆ ಕಾಲದ ದೊಡ್ಡ ಸಾಹಿತಿ ಡಾಕ್ಟರ್ ಜಾನ್ಸನ್‌ನ ಜೀವನಚರಿತ್ರೆ ಬರೆದ ಬಾಸ್ವೆಲ್ 1763ರಲ್ಲಿ ಲಂಡನ್ನಿನ ಬೋ ಚರ್ಚ್‌ಯಾರ್ಡ್‌ನ ಅಚ್ಚುಕೂಟಕ್ಕೇ ಹೋಗಿ ಇಂಥ ಪುಸ್ತಕಗಳನ್ನು ಕೊಂಡ. ಜಾನ್ಸನ್ನನ 'ರಾಸೆಲಸ್' ಕತೆ ಈಗ ಕೊಡುವಷ್ಟೇ ಖುಷಿಯನ್ನು ಇವು ಚಿಕ್ಕಂದಿನಲ್ಲಿ ಕೊಟ್ಟಿದ್ದವು ಅಂತ ತನ್ನ ದಿನಚರಿಯಲ್ಲಿ ಬರೆದುಕೊಂಡ. ಇದನ್ನು ಗುರು ಜಾನ್ಸನ್ನನಿಗೆ ಓದಿ ಹೇಳಿರಲಾರ!

ಧರ್ಮಬೋಧಕ ಜಾನ್ ಬನಿಯನ್‌ದು ಇನ್ನೊಂದು ತಮಾಷೆ. ಹರೆಯದಲ್ಲಿ ಬೈಬಲ್ ಬದಿಗಿಟ್ಟು ಲಾವಣಿ, ವೀರರ ಕತೆಗಳ ಹಿಂದೆ ಬಿದ್ದಿದ್ದೆ ಎಂದು ಆತ ಆಮೇಲೆ ಪೇಚಾಡಿಕೊಂಡ. ಆದರೆ 1678ರಲ್ಲಿ ಅಚ್ಚಾದ ಅವನ ಧಾರ್ಮಿಕ ಕತೆ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ತೆರೆದು ನೋಡಿ. ಕೋಟೆ, ಕತ್ತಿ ಕಾಳಗ, ಯಾತ್ರಿಕರನ್ನು ಕೂಡಿಹಾಕುವ ದೈತ್ಯ, ಎಲ್ಲ ಅಲ್ಲೇ ಇದೆ. ಬಿಟ್ಟೆ ಅಂದದ್ದು ಬಿಟ್ಟಿರಲಿಲ್ಲ. ಬಡವರ ಮನೆಯಲ್ಲಿ ಎರಡೇ ಪುಸ್ತಕ ಇದ್ದರೆ ಒಂದು ಬೈಬಲ್, ಇನ್ನೊಂದು ಹೆಚ್ಚಾಗಿ ಇದೇ. 19ನೇ ಶತಮಾನದಲ್ಲಿ ಮಿಷನರಿಗಳ ಕೈಯಲ್ಲಿ ಇದು 'ಯಾತ್ರಿಕನ ಸಂಚಾರ' ಆಗಿ ಕನ್ನಡಕ್ಕೂ ಬಂತು.

ಸ್ಕಾಟ್ಲೆಂಡಿನ ಮಾತು ಸ್ವಲ್ಪ ಬೇರೆ. ಅಲ್ಲಿ ಇನ್ನರ್‌ಪೆಫ್ರಿ ಎಂಬ ಹಳ್ಳಿಗಾಡಿನ ಜಾಗದಲ್ಲಿ 1680ರ ಸುಮಾರಿಗೆ ಶುರುವಾದ ಲೈಬ್ರರಿ ಒಂದಿದೆ. ಯಾರು, ಯಾವತ್ತು, ಯಾವ ಪುಸ್ತಕ ಒಯ್ದರು ಎಂಬ ದಾಖಲೆ 1747ರಿಂದ ಸಿಗುತ್ತದೆ. ಪಾದ್ರಿಗಳ ಹೆಸರಿನ ಪಕ್ಕದಲ್ಲೇ ನೇಕಾರರು, ಚಮ್ಮಾರರು, ಮನೆಯಾಳುಗಳು! ಲೆಡ್‌ಹಿಲ್ಸ್‌ನಲ್ಲಂತೂ ಸೀಸದ ಗಣಿಯ ಕಾರ್ಮಿಕರು 1741ರಲ್ಲಿ ಚಂದಾ ಎತ್ತಿ ತಾವೇ ಲೈಬ್ರರಿ ಕಟ್ಟಿಕೊಂಡರು.

ಇನ್ನು ನನಗೆ ಬಹಳ ಇಷ್ಟವಾದ ಓದುಗ ಒಬ್ಬನಿದ್ದಾನೆ. ಹೆಲ್ಪ್‌ಸ್ಟನ್ ಎಂಬ ಹಳ್ಳಿಯ ಕೂಲಿಯವನ ಮಗ, ಜಾನ್ ಕ್ಲೇರ್. ಹದಿಮೂರರ ಹುಡುಗ. ಒಬ್ಬ ನೇಕಾರನ ಹತ್ತಿರ ಥಾಮ್ಸನ್ ಕವಿಯ 'ದಿ ಸೀಸನ್ಸ್' ಪುಸ್ತಕದ ಹರಕು ಪ್ರತಿ ನೋಡಿದ. ನಾಲ್ಕು ಸಾಲು ಓದಿದ್ದೇ ತಡ, ಪುಸ್ತಕ ಬೇಕೇ ಬೇಕು ಅನ್ನಿಸಿತು. ಬೆಲೆ ಒಂದೂವರೆ ಶಿಲಿಂಗ್, ಅಂದರೆ ಹದಿನೆಂಟು ಪೆನ್ನಿ. ಅಪ್ಪನನ್ನು ಕಾಡಿ ಬೇಡಿ ದುಡ್ಡು ಹೊಂದಿಸಿ ಸ್ಟ್ಯಾಮ್‌ಫರ್ಡ್ ಪೇಟೆಗೆ ನಡೆದ. ಭಾನುವಾರ, ಅಂಗಡಿ ಮುಚ್ಚಿತ್ತು. ಇನ್ನೊಂದು ದಿನ, ತಾನು ಕಾಯಬೇಕಾದ ಕುದುರೆಗಳನ್ನು ನೋಡಿಕೊಳ್ಳಲು ಬೇರೆ ಹುಡುಗನಿಗೆ ಒಂದು ಪೆನ್ನಿ ಕೊಟ್ಟು, ಯಾರಿಗೂ ಹೇಳಬೇಡ ಅಂತ ಮೇಲೊಂದು ಪೆನ್ನಿ ಕೊಟ್ಟು, ಮತ್ತೆ ಹೋದ. ಅಂಗಡಿ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದ. ಬರುವಾಗ ದಾರಿಯಲ್ಲಿ ಓದೋಣವೆಂದರೆ, ಕೂಲಿ ಹುಡುಗ ಪುಸ್ತಕ ಹಿಡಿದದ್ದನ್ನು ಜನ ನೋಡಿದರೆ ಏನಂದಾರು ಎಂಬ ನಾಚಿಕೆ. ಕೊನೆಗೆ ಬರ್ಲಿ ಪಾರ್ಕಿನ ಗೋಡೆ ಹಾರಿ, ಒಳಗೆ ಹುಲ್ಲಿನ ಮೇಲೆ ಕೂತು ಓದಿದ. ಮನೆ ಸೇರುವುದರೊಳಗೆ ತಾನೇ ಪದ್ಯ ಕಟ್ಟತೊಡಗಿದ್ದ. ಆ ಹುಡುಗ ಇವತ್ತು ಇಂಗ್ಲಿಷಿನ ದೊಡ್ಡ ಕವಿಗಳಲ್ಲಿ ಒಬ್ಬ.

ಈಗ ಕಾದಂಬರಿಗೆ ಬರೋಣ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹೊಸ ಕಾದಂಬರಿ ಅಂದರೆ ಮೂರು ಸಂಪುಟ, ಬೆಲೆ 31 ಶಿಲಿಂಗ್ 6 ಪೆನ್ಸ್. ಹೊಲದ ಕೂಲಿಯವನಿಗೆ ವಾರವಿಡೀ ದುಡಿದರೂ ಹತ್ತು ಶಿಲಿಂಗಿನ ಆಸುಪಾಸು. ಲೆಕ್ಕ ನೀವೇ ಹಾಕಿ. ಹಾಗಾಗಿ ಅನುಕೂಲಸ್ಥರೂ ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತರುತ್ತಿದ್ದರು. 1842ರಲ್ಲಿ ಶುರುವಾದ ಮ್ಯೂಡಿಯ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್, ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ. ಮೂರು ಸಂಪುಟ ಇದ್ದರೆ ಒಂದೇ ಕಾದಂಬರಿಯನ್ನು ಮೂರು ಮನೆಗೆ ಕೊಡಬಹುದು. ಜಾಣ ವ್ಯಾಪಾರ, ಅಲ್ವಾ? ಮನೆಯ ಹೆಣ್ಣುಮಕ್ಕಳು ಓದಬಾರದ್ದು ಎಂದು ಮ್ಯೂಡಿಗೆ ಅನ್ನಿಸಿದ ಪುಸ್ತಕಕ್ಕೆ ಅಲ್ಲಿ ಜಾಗವಿರಲಿಲ್ಲ. ಲೇಖಕರು ಅವನಿಗೆ ಹೆದರಿಯೇ ಬರೆದರು, ಕತೆ ಎಳೆದೂ ಬರೆದರು. ಇಂದಿಗೂ ಆ ಕಾಲದ ಕಾದಂಬರಿಯೊಂದರ ನಡುವಿನ ಭಾಗ ಸುಮ್ನೆ ಎಳೆದಾಡಿದೆ ಅನ್ನಿಸಿದರೆ ಮ್ಯೂಡಿಯನ್ನು ನೆನೆಯಿರಿ. 1894ರಲ್ಲಿ ಲೈಬ್ರರಿಗಳಿಗೇ ಈ ಬೆಲೆ ಸಾಕಾಯಿತು. ಮೂರು ಸಂಪುಟದ ಕಾಲ ಅಲ್ಲಿಗೆ ಮುಗಿಯಿತು.

ಡಿಕನ್ಸ್ ಬೇರೆ ದಾರಿ ಹಿಡಿದಿದ್ದ. ತಿಂಗಳಿಗೊಂದು ಕಂತು, ಕಂತಿಗೊಂದು ಶಿಲಿಂಗ್. 1836ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಶುರುವಾದಾಗ ಕೇಳುವವರೇ ಇರಲಿಲ್ಲ. ಮುಗಿಯುವ ಹೊತ್ತಿಗೆ ಕಂತು 40,000 ಪ್ರತಿ ಹೋಗುತ್ತಿತ್ತು. ಒಂದು ಶಿಲಿಂಗೂ ಇಲ್ಲದವರಿಗೆ ಪೆನ್ನಿ ಪುಸ್ತಕದವರು 'ಆಲಿವರ್ ಟ್ವಿಸ್' ಅಂತ ನಕಲು ಮಾಡಿ ಮಾರಿದರು. ಟ್ವಿಸ್ಟ್ ಅಲ್ಲ, ಟ್ವಿಸ್! ಪೆನ್ನಿಯ ಲೋಕದ ದೊರೆ ಮಾತ್ರ ರೆನಾಲ್ಡ್ಸ್. 1844ರಿಂದ ವಾರವಾರ ಬಂದ ಅವನ 'ಮಿಸ್ಟರೀಸ್ ಆಫ್ ಲಂಡನ್' ತುಂಬ ಕೊಲೆ, ಕೊಳಚೆ, ಸಾಹುಕಾರರ ಕಪಟ. 1879ರಲ್ಲಿ ಅವನು ತೀರಿಕೊಂಡಾಗ, ನಮ್ಮ ಕಾಲದ ಅತಿ ಜನಪ್ರಿಯ ಲೇಖಕ ಎಂದು ಪುಸ್ತಕ ವ್ಯಾಪಾರಿಗಳ ಪತ್ರಿಕೆಯೇ ಬರೆಯಿತು. ನಮ್ಮ ದೇಶದಲ್ಲೂ ಇಂಗ್ಲಿಷ್ ಬಲ್ಲವರು ಅವನನ್ನು ಹುಡುಕಿ ಹುಡುಕಿ ಓದಿದರು. ನನ್ನ ಪಠ್ಯದಲ್ಲಿ ಅವನ ಹೆಸರು ಒಂದು ಸಲವೂ ಬರಲಿಲ್ಲ.

1841ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದುವೆ ರಿಜಿಸ್ಟರಿಗೆ ಸಹಿ ಹಾಕಬಲ್ಲ ಗಂಡಸರು ನೂರಕ್ಕೆ 67, ಹೆಂಗಸರು 51. ಉಳಿದವರು ಒಂದು ಗೀಟು ಹಾಕಿದರು. ಆದರೆ ಅಕ್ಷರ ಬಾರದವರಿಗೂ ಕಿವಿ ಇತ್ತು. ಡಿಕನ್ಸ್‌ನ ಗೆಳೆಯ ಫಾರ್‌ಸ್ಟರ್ ಹೇಳುವ ಪ್ರಸಂಗ ಇದು. ಡಿಕನ್ಸ್‌ನ ಮಗ ಕಾಯಿಲೆ ಬಿದ್ದು ಅಜ್ಜಿಯ ಬಳಿ ಇದ್ದ. ಆ ಮನೆಗೆ ಕೆಲಸಕ್ಕೆ ಬರುತ್ತಿದ್ದ ಮುದುಕಿಗೆ ಓದು ಬರದು. ಮೇಲಿನ ಕೋಣೆಯಲ್ಲಿರುವವನು 'ಡೊಂಬಿ' ಕಾದಂಬರಿ ಬರೆದವನ ಮಗ ಅಂತ ತಿಳಿದು ಅವಳು ಬೆರಗಾದಳು. ನಿನಗೆ ಡೊಂಬಿ ಹೇಗೆ ಗೊತ್ತು ಅಂದರೆ, ಅವಳಿದ್ದದ್ದು ಒಂದು ನಶ್ಯದ ಅಂಗಡಿಯ ವಠಾರದಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ ಅಲ್ಲಿ ಮಾಲೀಕ ಹೊಸ ಕಂತು ಓದಿ ಹೇಳುತ್ತಿದ್ದ. ದುಡ್ಡು ಹಾಕಿದವರಿಗೆ ಚಹಾ, ಕತೆ ಮಾತ್ರ ಎಲ್ಲರಿಗೂ.

"ಅಯ್ಯೋ ಅಮ್ಮಾ," ಅಂದಳಂತೆ ಮುದುಕಿ, "ಡೊಂಬೀನ ಮೂರು ನಾಲ್ಕು ಜನ ಸೇರಿ ಕಟ್ಟಿರಬೇಕು ಅಂದ್ಕೊಂಡಿದ್ದೆ."

ನಮಸ್ಕಾರ.